ಜರ್ಮನಿಗೆ ಹೊಸದಾಗಿ ಹೋಗುವವರು ಅಲ್ಲಿಯ ಸೂಪರ್ ಮಾರ್ಕೆಟ್‌ನಲ್ಲಿ ಮೊದಲು ಏನನ್ನು ಕೊಂಡು ತಿಂದು ನೋಡಬೇಕು?

ಗಾಳಿಬೀಡಿನ ತಾಯಿ · ಆಗಸ್ಟ್ 9

ನನ್ನ ಮಗಳಿಗೆ ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ ಸ್ನಾತಕೋತ್ತರ ವ್ಯಾಸಂಗಕ್ಕೆ ಪ್ರವೇಶ ದೊರೆತಿದ್ದು, ಸೆಪ್ಟೆಂಬರ್ ಕೊನೆಯ ವಾರದಲ್ಲಿ ಹೊರಡಲಿದ್ದಾಳೆ. ಈ ಮಳೆಯಲ್ಲಿ ಹಪ್ಪಳ ಒಣಗಿಸುವ ಕಷ್ಟ ಬಲ್ಲವರಿಗೆ ನಮ್ಮ ಮನೆಯ ಈಗಿನ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ. ಒಲೆಯ ಮೇಲಿನ ಅಟ್ಟದ ತುಂಬ ಹಪ್ಪಳ, ಜಗಲಿಯ ತುಂಬ ಪುಡಿಗಳ ಪೊಟ್ಟಣ, ಅವುಗಳ ನಡುವೆ ತಕ್ಕಡಿ ಹಿಡಿದು ಕುಳಿತ ಅವಳ ಅಜ್ಜಿ.

ಏನನ್ನು ಕಟ್ಟಿಕೊಡಬೇಕೆಂದು ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ನನಗೆ ಬೇಕಾದ ಉತ್ತರ ಬೇರೆ. ಅಲ್ಲಿ ಇಳಿದ ಮೊದಲ ವಾರ ಅವಳು ಸೂಪರ್ ಮಾರ್ಕೆಟ್‌ಗೆ ಹೋದಾಗ, ಅಲ್ಲಿಯವರು ದಿನವೂ ತಿನ್ನುವ ಪದಾರ್ಥಗಳಲ್ಲಿ ಯಾವುದನ್ನು ಧೈರ್ಯವಾಗಿ ಬುಟ್ಟಿಗೆ ಹಾಕಬಹುದು? ನಮ್ಮ ನಾಲಿಗೆಗೆ ಹಿಡಿಸುವುದು ಯಾವುದು, ಹಿಡಿಸದಿದ್ದರೂ ಒಮ್ಮೆ ರುಚಿ ನೋಡಬೇಕಾದದ್ದು ಯಾವುದು? ಅವಳು ಮಾಂಸ ತಿನ್ನುತ್ತಾಳೆ, ಆದರೆ ಜೊತೆಗೆ ಹೋಗುತ್ತಿರುವ ಗೆಳತಿ ಶುದ್ಧ ಸಸ್ಯಾಹಾರಿ. ಇಬ್ಬರಿಗೂ ಉಪಯೋಗವಾಗುವಂತೆ ತಿಳಿಸಿದರೆ ಉಪಕಾರವಾಗುತ್ತದೆ.

ಭಾಗಮಂಡಲದ ಹಿರಿಯ · ಆಗಸ್ಟ್ 9

ತಾಯಿ, ತಮ್ಮ ಪ್ರಶ್ನೆಯೇ ನನಗೆ ಸ್ವಲ್ಪ ವಿಚಿತ್ರವಾಗಿ ಕಂಡಿತು. ನನ್ನ ತಮ್ಮನ ಮಗ ಪರದೇಶಕ್ಕೆ ಹೋದ ಮೊದಲ ತಿಂಗಳು ಒಣ ಬ್ರೆಡ್ಡು ತಿಂದು ಎಂಟು ಕಿಲೋ ಇಳಿದಿದ್ದ. ಹೊಸ ಊರಿನಲ್ಲಿ ಓದು, ಚಳಿ, ಭಾಷೆ ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುವಾಗ ನಾಲಿಗೆಯ ಮೇಲೂ ಪ್ರಯೋಗ ಏಕೆ? ಅಕ್ಕಿತರಿ, ಅವಲಕ್ಕಿ, ಮನೆಯ ತುಪ್ಪ, ಹಂದಿಮಾಂಸದ ಉಪ್ಪಿನಕಾಯಿ, ನಮ್ಮ ಕೊಡಗಿನ ಕಪ್ಪು ಹುಳಿರಸವಾದ ಕಾಚಂಪುಳಿಯ ಒಂದು ಸೀಸೆ ಕಟ್ಟಿಕೊಡಿ. ಉಳಿದದ್ದು ನಿಧಾನವಾಗಿ ಅಭ್ಯಾಸವಾಗುತ್ತದೆ.

ಗೋಣಿಕೊಪ್ಪ ಟು ಲೈಪ್ಜಿಗ್ · ಆಗಸ್ಟ್ 10

ಹಿರಿಯರ ಕಾಳಜಿ ಅರ್ಥವಾಗುತ್ತದೆ, ಆದರೆ ಆ ಪಟ್ಟಿಯಲ್ಲಿರುವ ಎರಡು ವಸ್ತುಗಳನ್ನು ದಯವಿಟ್ಟು ಪೆಟ್ಟಿಗೆಗೆ ಹಾಕಬೇಡಿ. ಭಾರತದಂತಹ ದೇಶಗಳಿಂದ ಐರೋಪ್ಯ ಒಕ್ಕೂಟದೊಳಗೆ ಹೋಗುವ ಪ್ರಯಾಣಿಕರು ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಸ್ವಂತ ಬಳಕೆಗೂ ಒಯ್ಯುವಂತಿಲ್ಲ. ಹಂದಿಮಾಂಸದ ಉಪ್ಪಿನಕಾಯಿ, ತುಪ್ಪ, ಪೇಡ ಎಲ್ಲವೂ ಇದರಲ್ಲಿ ಬರುತ್ತವೆ. ಹಸಿ ಕರಿಬೇವಿನಂತಹ ಸಸ್ಯಗಳಿಗೂ ಸಸ್ಯಾರೋಗ್ಯದ ಪ್ರಮಾಣಪತ್ರ ಬೇಕು. ಜೇನನ್ನು ಎರಡು ಕಿಲೋವರೆಗೆ ಒಯ್ಯಬಹುದು. ಕಾಚಂಪುಳಿಗೆ ಅಡ್ಡಿಯಿಲ್ಲ, ಆದರೆ ಸೀಸೆಯನ್ನು ಮೂರು ಪದರ ಪ್ಲಾಸ್ಟಿಕ್‌ನಲ್ಲಿ ಸುತ್ತಿ. ನನ್ನದು ಒಡೆದು ಒಂದು ಬಿಳಿ ಅಂಗಿ ಶಾಶ್ವತವಾಗಿ ಕಪ್ಪಾಯಿತು.

ತುಪ್ಪಕ್ಕೆ ಚಿಂತೆ ಬೇಡ. ಅಲ್ಲಿಯ ಪ್ರತಿಯೊಂದು ಸೂಪರ್ ಮಾರ್ಕೆಟ್‌ನಲ್ಲಿ ಬುಟರ್‌ಶ್ಮಾಲ್ಟ್ಸ್ ಎಂಬ ಹೆಸರಿನಲ್ಲಿ ಕಾಯಿಸಿದ ಬೆಣ್ಣೆ ಸಿಗುತ್ತದೆ. ನಮ್ಮ ತುಪ್ಪದಷ್ಟು ಹುರಿದ ಘಮವಿಲ್ಲ. ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಎರಡು ನಿಮಿಷ ಹೆಚ್ಚು ಕಾಯಿಸಿ, ಇಳಿಸುವಾಗ ಎರಡು ಮೆಂತೆಕಾಳು ಹಾಕಿದರೆ ಅಜ್ಜಿಗೂ ಗುರುತು ಹಿಡಿಯುವುದು ಕಷ್ಟ.

ಇನ್ನೊಂದು ಮಾತು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದ ಅಂಗಡಿಗಳು, ಪೆಟ್ರೋಲ್ ಬಂಕ್, ಬೆಳಗಿನ ಕೆಲವು ಗಂಟೆ ಬೇಕರಿ, ಇಷ್ಟೇ ತೆರೆದಿರುವುದು. ಅಕ್ಟೋಬರ್ 3 ರಾಷ್ಟ್ರೀಯ ರಜೆ. ಡ್ರೆಸ್ಡೆನ್ ಇರುವ ಸ್ಯಾಕ್ಸನಿ ರಾಜ್ಯದಲ್ಲಿ ಅಕ್ಟೋಬರ್ 31ಕ್ಕೂ ರಜೆ. ನಮ್ಮಲ್ಲಿ ಬಂದ್ ಇದ್ದರೂ ಯಾವುದೋ ಒಂದು ಅಂಗಡಿಯ ಅರ್ಧ ಬಾಗಿಲು ತೆರೆದಿರುತ್ತದೆ, ಅಲ್ಲಿ ಹಾಗಿಲ್ಲ.

ಕಕ್ಕಬ್ಬೆ ತೋಟದವನು · ಆಗಸ್ಟ್ 10

ಹನ್ನೊಂದು ವರ್ಷ ಸ್ಟುಟ್‌ಗಾರ್ಟ್ ಬಳಿ ಕೆಲಸ ಮಾಡಿ, ಈಗ ತೋಟಕ್ಕೆ ಮರಳಿದ್ದೇನೆ. ಈ ಪ್ರಶ್ನೆಗೆ ವಿವರವಾಗಿ ಉತ್ತರಿಸುವ ಆಸೆಯಿದೆ, ಏಕೆಂದರೆ ಮೊದಲ ಎರಡು ವರ್ಷ ನಾನು ಹಿರಿಯರು ಹೇಳಿದಂತೆಯೇ ಬದುಕಿದೆ. ವಾರಕ್ಕೊಮ್ಮೆ ಒಂದು ಗಂಟೆ ಪ್ರಯಾಣ ಮಾಡಿ ಏಷ್ಯಾ ಅಂಗಡಿಯಿಂದ ಬಾಡಿದ ಬೆಂಡೆಕಾಯಿಯನ್ನು ದುಬಾರಿ ಬೆಲೆಗೆ ತಂದು, ಊರಿನ ರುಚಿ ಬರಲಿಲ್ಲವೆಂದು ಕೊರಗುತ್ತಿದ್ದೆ. ಮನೆಯ ಪಕ್ಕದ ಅಂಗಡಿಯಲ್ಲಿ ತಾಜಾ ನವಿಲುಕೋಸಿನ ರಾಶಿಯೇ ಇತ್ತು. ಅದನ್ನು ಅವರು ಕೋಲ್‌ರಾಬಿ ಎನ್ನುತ್ತಾರೆ. ಸಿಪ್ಪೆ ತೆಗೆದು ಉದ್ದುದ್ದಕ್ಕೆ ಹೆಚ್ಚಿ, ಉಪ್ಪು ಹಚ್ಚಿ ಹಸಿಯಾಗಿಯೇ ತಿನ್ನುತ್ತಾರೆ. ನಾವು ಬೇಯಿಸಿಯೇ ತಿನ್ನುವ ಆ ತರಕಾರಿಗೆ ಹಸಿಯಲ್ಲಿ ಅಷ್ಟು ಸಿಹಿಯಿದೆಯೆಂದು ನನಗೆ ಮೂವತ್ತು ವರ್ಷವಾಗುವವರೆಗೆ ಗೊತ್ತಿರಲಿಲ್ಲ.

ನನ್ನ ಸಲಹೆ ಇಷ್ಟೆ. ಊರಿನ ಪದಾರ್ಥಕ್ಕೆ ಅಲ್ಲಿ ಬದಲಿ ಹುಡುಕುವ ಬದಲು, ಅದರ ನೆಂಟರು ಯಾರೆಂದು ಹುಡುಕಿ. ಮೊದಲ ನೆಂಟ ಅಕ್ಕಿತರಿಯ ಉಂಡೆಯಾದ ನಮ್ಮ ಕಡಂಬುಟ್ಟಿಗೆ ಸಂಬಂಧಪಟ್ಟವನು. ಶೀತಲ ಪೆಟ್ಟಿಗೆಗಳಿರುವ ಸಾಲಿನಲ್ಲಿ ಕ್ಲೋಸ್‌ಟೈಗ್ ಎಂಬ ಹೆಸರಿನ ಆಲೂಗೆಡ್ಡೆ ಹಿಟ್ಟಿನ ಮುದ್ದೆ ಪೊಟ್ಟಣದಲ್ಲಿ ಸಿಗುತ್ತದೆ. ಹಸಿ ಆಲೂಗೆಡ್ಡೆ ಅರ್ಧ, ಬೆಂದದ್ದು ಅರ್ಧ ಸೇರಿಸಿದ ಬಗೆಯೂ ಇದೆ. ಕೈಯನ್ನು ತಣ್ಣೀರಿನಲ್ಲಿ ಅದ್ದಿಕೊಂಡು ಕಿತ್ತಳೆಯ ಗಾತ್ರದ ಉಂಡೆ ಕಟ್ಟಬೇಕು. ನಮ್ಮಂತೆ ಹಬೆಯಲ್ಲಿ ಬೇಯಿಸುವುದಲ್ಲ, ಉಪ್ಪುನೀರಿನಲ್ಲಿ ಇಳಿಬಿಟ್ಟು ಸುಮಾರು ಇಪ್ಪತ್ತು ನಿಮಿಷ ಬಿಡುವುದು. ಉತ್ತರದವರು ಕ್ಲೇಸೆ ಎಂದರೆ ದಕ್ಷಿಣದ ಬವೇರಿಯಾದವರು ಕ್ನೇಡೆಲ್ ಎನ್ನುತ್ತಾರೆ. ಅದನ್ನು ಅವರು ತಿನ್ನುವುದು ಹುರಿದ ಹಂದಿಮಾಂಸ ಮತ್ತು ಅದರ ಗಟ್ಟಿ ಸಾರಿನೊಂದಿಗೆ. ಮೊದಲ ಸಲ ಆ ತಟ್ಟೆ ಎದುರಿಗೆ ಬಂದಾಗ, ಕೈಲ್‌ಮುಹೂರ್ತ ಹಬ್ಬದ ಊಟವನ್ನು ಯಾರೋ ಖಾರ ತೆಗೆದು ಬಡಿಸಿದ್ದಾರೆ ಎನ್ನಿಸಿತು.

ಮಗಳು ಪಂದಿಕರಿ ಮಾಡುವುದಾದರೆ ಶ್ವೈನೆಬೌಖ್ ಎಂದು ಕೇಳಬೇಕು. ಅದು ಹಂದಿಯ ಹೊಟ್ಟೆಯ ಭಾಗ. ಪೊಟ್ಟಣದಲ್ಲಿ ಸಿಗುವುದು ಸಾಮಾನ್ಯವಾಗಿ ತೆಳುವಾಗಿ ಸೀಳಿದ್ದು, ನಮಗೆ ಆಗುವುದಿಲ್ಲ. ಮಾಂಸದ ಕಟ್ಟೆಯ ಹಿಂದೆ ನಿಂತವರ ಬಳಿ 'ಮಿಟ್ ಶ್ವಾರ್ಟೆ', ಅಂದರೆ ಚರ್ಮ ಸಮೇತ, ಇಡೀ ತುಂಡು ಬೇಕೆಂದು ಹೇಳಿದರೆ ಸಂತೋಷದಿಂದ ಕತ್ತರಿಸಿಕೊಡುತ್ತಾರೆ. ಚರ್ಮವಿಲ್ಲದ, ಕೊಬ್ಬಿಲ್ಲದ ಪಂದಿಕರಿಯ ಬಗ್ಗೆ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ ಎಂದುಕೊಳ್ಳುತ್ತೇನೆ.

ಒಂದು ಎಚ್ಚರಿಕೆ. ಮೆಟ್ ಎಂಬ ಪದಾರ್ಥ ನೋಡಲು ಚೆನ್ನಾಗಿರುತ್ತದೆ, ಆದರೆ ಅದು ಕೊಚ್ಚಿದ ಹಸಿ ಹಂದಿಮಾಂಸ. ಅದನ್ನು ಹಸಿಯಾಗಿಯೇ ಬ್ರೆಡ್ಡಿಗೆ ಬಳಿದು, ಮೇಲೆ ಈರುಳ್ಳಿ ಉದುರಿಸಿ ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಕಚೇರಿಯಲ್ಲಿ ಸಹೋದ್ಯೋಗಿಯ ಹುಟ್ಟುಹಬ್ಬಕ್ಕೆ ತಟ್ಟೆಯ ತುಂಬ ಇಟ್ಟಿದ್ದರು. ಹಂದಿಮಾಂಸದ ವಿಷಯದಲ್ಲಿ ಕೊಡಗಿನವನಿಗೆ ಯಾರೂ ಏನೂ ಕಲಿಸಬೇಕಾಗಿಲ್ಲವೆಂಬ ನನ್ನ ಜಂಬ ಆ ದಿನ ಇಳಿಯಿತು. ತಿನ್ನಲಿಲ್ಲ. ಇಂದಿಗೂ ಪಶ್ಚಾತ್ತಾಪವಿಲ್ಲ.

ಗಾಳಿಬೀಡಿನ ತಾಯಿ · ಆಗಸ್ಟ್ 10

ಅಣ್ಣ, ತಮ್ಮ ಬರಹವನ್ನು ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದೆ. ಮೆಟ್ ಎಂಬ ಹೆಸರನ್ನು ಅವಳ ಅಜ್ಜಿ ಒಂದು ಚೀಟಿಯಲ್ಲಿ ಬರೆದು ಅಡ್ಡಗೆರೆ ಎಳೆದಿದ್ದಾರೆ. ಸಸ್ಯಾಹಾರಿ ಗೆಳತಿಗೆ ಯಾರಾದರೂ ಹೇಳುವಿರಾ? ಅವಳ ತಾಯಿ ದಿನಕ್ಕೆರಡು ಬಾರಿ ಫೋನ್ ಮಾಡಿ ಕೇಳುತ್ತಿದ್ದಾರೆ.

ಶನಿವಾರಸಂತೆ ಉಪನ್ಯಾಸಕಿ · ಆಗಸ್ಟ್ 11

ನಾನು ಸಸ್ಯಾಹಾರಿ. ಬರ್ಲಿನ್‌ನಲ್ಲಿರುವ ತಮ್ಮನ ಮನೆಯಲ್ಲಿ ಆರು ತಿಂಗಳು ಇದ್ದು ಬಂದವಳು. ನನ್ನ ಮೊದಲ ಶಿಫಾರಸು ಕ್ವಾರ್ಕ್. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಿಳಿಸಿದರೆ ಬರುವ ಗಟ್ಟಿ ಗಡ್ಡೆಯನ್ನು ನೆನಪಿಸಿಕೊಳ್ಳಿ. ಅದಕ್ಕಿಂತ ಹುಳಿ ಕಡಿಮೆ, ನುಣುಪು ಹೆಚ್ಚು. ಕೊಬ್ಬು ತೆಗೆದದ್ದನ್ನು ಮಾಗರ್‌ಕ್ವಾರ್ಕ್ ಎನ್ನುತ್ತಾರೆ, ಅದರ 100 ಗ್ರಾಮ್‌ನಲ್ಲಿ ಸುಮಾರು 12 ಗ್ರಾಮ್ ಪ್ರೋಟೀನ್ ಇರುತ್ತದೆ. ಅರ್ಧ ಕಿಲೋ ಡಬ್ಬಿ ವಿದ್ಯಾರ್ಥಿಯ ಜೇಬಿಗೆ ಭಾರವಲ್ಲ. ಸಕ್ಕರೆ, ಏಲಕ್ಕಿ, ಕೇಸರಿ ಸೇರಿಸಿದರೆ ಐದು ನಿಮಿಷದಲ್ಲಿ ಶ್ರೀಖಂಡ. ಉಪ್ಪು, ಹಸಿಮೆಣಸು, ಈರುಳ್ಳಿ ಸೇರಿಸಿದರೆ ರೊಟ್ಟಿಗೆ ಪಚಡಿ.

ಆದರೆ ಡ್ರೆಸ್ಡೆನ್‌ಗೆ ಹೋಗುವವರು ಅದನ್ನು ಆ ಕಡೆಯವರ ಕ್ರಮದಲ್ಲೇ ಒಮ್ಮೆ ತಿನ್ನಬೇಕು. ಅಲ್ಲಿಂದ ಪೂರ್ವಕ್ಕಿರುವ ಲೌಸಿಟ್ಸ್ ಪ್ರದೇಶದ ಬಡವರ ಊಟ ಅದು: ಸಿಪ್ಪೆ ಸಮೇತ ಬೇಯಿಸಿದ ಆಲೂಗೆಡ್ಡೆ, ಪಕ್ಕದಲ್ಲಿ ಈರುಳ್ಳಿ ಬೆರೆಸಿದ ಕ್ವಾರ್ಕ್, ಅದರ ಮಧ್ಯೆ ಗುಳಿ ಮಾಡಿ ಸುರಿದ ಹಸಿ ಅಗಸೆ ಎಣ್ಣೆ. ಬಿಸಿ ಆಲೂಗೆಡ್ಡೆಯ ಸಿಪ್ಪೆಯನ್ನು ಬೆರಳು ಸುಟ್ಟುಕೊಳ್ಳುತ್ತ ಸುಲಿದು, ತಣ್ಣನೆಯ ಕ್ವಾರ್ಕ್‌ನಲ್ಲಿ ಅದ್ದಿದಾಗ ಆ ಎಣ್ಣೆಯ ಒಣಹುಲ್ಲಿನಂತಹ ವಾಸನೆ ಮೂಗಿಗೆ ಬರುತ್ತದೆ. ಅಗಸೆ ಎಣ್ಣೆ ಬೇಗ ಕಹಿಯಾಗುತ್ತದೆ, ಆದ್ದರಿಂದ ಸಣ್ಣ ಸೀಸೆ ಕೊಂಡು ಫ್ರಿಜ್‌ನಲ್ಲಿಡಿ. ನಾನು ಅಗ್ಗವೆಂದು ದೊಡ್ಡ ಸೀಸೆ ತಂದು ಅರ್ಧವನ್ನು ಚೆಲ್ಲಿದೆ.

ಮಜ್ಜಿಗೆಗೆ ಬುಟರ್‌ಮಿಲ್ಶ್ ಎಂಬ ಡಬ್ಬಿ ನೋಡಿ. ಶುಂಠಿ, ಉಪ್ಪು ಹಾಕಿ ನೀರು ಬೆರೆಸಿದರೆ ಸಾಕು. ಹಣ್ಣಿನ ರುಚಿ ಸೇರಿಸಿದ ಬಗೆಯೂ ಪಕ್ಕದಲ್ಲೇ ಇರುತ್ತದೆ, ಅದಕ್ಕೆ ಒಗ್ಗರಣೆ ಹಾಕಿ ಮೋಸಹೋಗಬೇಡಿ. ಉಪ್ಪಿಟ್ಟಿಗೆ ರವೆ ಕೊಳ್ಳುವಾಗ ಹಾರ್ಟ್‌ವೈಟ್ಸೆನ್ ಎಂದು ಬರೆದಿರುವ ಗ್ರೀಸ್, ಅಂದರೆ ರವೆ, ತೆಗೆದುಕೊಳ್ಳಿ, ಅದು ಗಟ್ಟಿ ಗೋಧಿಯದು. ವೈಖ್‌ವೈಟ್ಸೆನ್ ಎಂದಿರುವುದು ಮೆದು ಗೋಧಿಯದು, ಉಪ್ಪಿಟ್ಟು ಅಂಟಾಗುತ್ತದೆ.

ಸಸ್ಯಾಹಾರಿಗಳು ಚೀಸ್ ಮತ್ತು ಮಿಠಾಯಿಗಳ ವಿಷಯದಲ್ಲಿ ಎಚ್ಚರವಾಗಿರಬೇಕು. ಲಾಬ್ ಎಂಬ ಪದ ಹಾಲು ಒಡೆಯಲು ಬಳಸುವ ಪದಾರ್ಥವನ್ನು ಸೂಚಿಸುತ್ತದೆ. ಅದು ಕರುವಿನ ಜಠರದಿಂದ ಬಂದದ್ದೂ ಆಗಿರಬಹುದು. 'ಮಿಕ್ರೋಬಿಯೆಲೆಸ್ ಲಾಬ್' ಎಂದಿದ್ದರೆ ಅದು ಸೂಕ್ಷ್ಮಜೀವಿಗಳಿಂದ ತಯಾರಾದದ್ದು, ತಿನ್ನಬಹುದು. ಇಟಲಿಯ ಪಾರ್ಮೆಸಾನ್ ಯಾವತ್ತೂ ಕರುವಿನ ಲಾಬ್‌ನಿಂದಲೇ ಆಗುತ್ತದೆ. ಮಕ್ಕಳು ಇಷ್ಟಪಡುವ ರಬ್ಬರಿನಂತಹ ಬಣ್ಣದ ಮಿಠಾಯಿಗಳಲ್ಲಿ ಹೆಚ್ಚಿನವುಗಳಿಗೆ ಪ್ರಾಣಿಜನ್ಯ ಜೆಲಟಿನ್ ಹಾಕಿರುತ್ತಾರೆ. ಹಳದಿ ಬಣ್ಣದ ವಿ ಅಕ್ಷರದ ಗುರುತು ಇದ್ದರೆ ಓದುವ ಶ್ರಮ ತಪ್ಪುತ್ತದೆ.

ನಾಪೋಕ್ಲು ಪೇಟೆಯವನು · ಆಗಸ್ಟ್ 11

ಅಕ್ಕ ಹೇಳಿದ ಪದಗಳ ಪಟ್ಟಿಗೆ ನನ್ನದೂ ಸೇರಲಿ. ಕೊಡಗಿನಿಂದ ಹೋಗುವವರೆಲ್ಲ ಹಂದಿಮಾಂಸ ತಿನ್ನುವವರಲ್ಲ ಎಂಬುದೂ ಇಲ್ಲಿ ದಾಖಲಾಗಲಿ. ಶ್ವೈನ್, ಶ್ಪೆಕ್, ಶಿಂಕೆನ್, ಶ್ಮಾಲ್ಟ್ಸ್ ಎಂಬ ನಾಲ್ಕು ಪದ ಕಂಡರೆ ನಾನು ಪೊಟ್ಟಣವನ್ನು ಕೆಳಗಿಡುತ್ತಿದ್ದೆ. ಬೇಯಿಸಿದ ಕೆಂಪು ಕೋಸಿನ ಡಬ್ಬಿಯಲ್ಲೂ ಕೆಲವೊಮ್ಮೆ ಹಂದಿಕೊಬ್ಬು ಇರುತ್ತದೆ, ಆದ್ದರಿಂದ ಹೆಸರು ತರಕಾರಿಯದೆಂದು ನಂಬಬೇಡಿ. ಆದರೆ ಬುಟರ್‌ಶ್ಮಾಲ್ಟ್ಸ್‌ನಲ್ಲಿರುವುದು ಬೆಣ್ಣೆ ಮಾತ್ರ. ಮೊದಲು ಅದನ್ನೂ ತಪ್ಪು ತಿಳಿದು ಒಂದು ವರ್ಷ ಮುಟ್ಟಲಿಲ್ಲ.

ಕಲೋನ್‌ನಲ್ಲಿ ಓದುವಾಗ ನನ್ನ ಅಡುಗೆಮನೆಯನ್ನು ನಡೆಸಿದ್ದು ಟರ್ಕಿಯವರ ಅಂಗಡಿಗಳು. 1961ರಲ್ಲಿ ಪಶ್ಚಿಮ ಜರ್ಮನಿ ಮತ್ತು ಟರ್ಕಿಯ ನಡುವೆ ಕಾರ್ಮಿಕರ ಒಪ್ಪಂದವಾದ ಮೇಲೆ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು ನಡೆಸುವ ಅಂಗಡಿಗಳು ಇವು. ಹಲಾಲ್ ಮಾಂಸ ಸಿಗುವುದು ಸರಿ, ಅದಕ್ಕಿಂತ ಹೆಚ್ಚಾಗಿ ಕೊತ್ತಂಬರಿ ಸೊಪ್ಪನ್ನು ಅಲ್ಲಿ ಕಟ್ಟುಕಟ್ಟಾಗಿ ಕೊಡುತ್ತಾರೆ. ಸೂಪರ್ ಮಾರ್ಕೆಟ್‌ನಲ್ಲಿ ಅದೇ ಸೊಪ್ಪು ಹೂಕುಂಡದಲ್ಲಿ ನಾಲ್ಕು ಎಳೆ ನಿಂತುಕೊಂಡು ಬರುತ್ತದೆ. ಹತ್ತು ಶೇಕಡಾ ಕೊಬ್ಬಿನ ಅವರ ಮೊಸರು ನಮ್ಮ ಎಮ್ಮೆ ಮೊಸರಿಗೆ ಹತ್ತಿರ. ಡ್ರೆಸ್ಡೆನ್‌ಗೆ ಹೋಗುವವರು ಇಂತಹ ಅಂಗಡಿ ಎಲ್ಲಿದೆಯೆಂದು ಮೊದಲ ವಾರವೇ ತಿಳಿದುಕೊಳ್ಳುವುದು ಒಳ್ಳೆಯದು.

ಕುಶಾಲನಗರ ಬೇಕರಿ · ಆಗಸ್ಟ್ 12

ಇಪ್ಪತ್ತು ವರ್ಷದಿಂದ ಬ್ರೆಡ್ಡು ಸುಡುತ್ತಿರುವವನ ಒಂದು ಪ್ರಶ್ನೆ. ಆ ದೇಶದಲ್ಲಿ 3,000ಕ್ಕೂ ಹೆಚ್ಚು ಬಗೆಯ ಬ್ರೆಡ್ಡುಗಳಿವೆಯೆಂದು ಓದಿದ್ದೇನೆ, ಆದರೆ ಇಲ್ಲಿ ಎಲ್ಲರೂ ಒಣ ಬ್ರೆಡ್ಡೆಂದು ಮೂಗು ಮುರಿಯುತ್ತಿದ್ದೀರಿ. ಯಾರೂ ಸರಿಯಾದದ್ದನ್ನು ತಿನ್ನಲಿಲ್ಲವೇ?

ಕಕ್ಕಬ್ಬೆ ತೋಟದವನು · ಆಗಸ್ಟ್ 12

ಕೇಳಬೇಕಾದವರೇ ಕೇಳಿದ್ದೀರಿ. ಹೊಸಬರು ಮಾಡುವ ತಪ್ಪೆಂದರೆ ಪ್ಲಾಸ್ಟಿಕ್ ಚೀಲದಲ್ಲಿರುವ ಬಿಳಿಯ ಟೋಸ್ಟ್ ಬ್ರೆಡ್ಡನ್ನು ಕೊಂಡು, ಜರ್ಮನಿಯ ಬ್ರೆಡ್ಡೆಂದರೆ ಇಷ್ಟೇ ಎಂದು ತೀರ್ಮಾನಿಸುವುದು. ಅಂಗಡಿಯ ಒಳಗೇ ಒಂದು ಮೂಲೆಯಲ್ಲಿ ಇಡಿಯಾದ ಬ್ರೆಡ್ಡುಗಳನ್ನು ಜೋಡಿಸಿರುತ್ತಾರೆ. ರೈ ಎಂಬ ಧಾನ್ಯದ ಹಿಟ್ಟನ್ನು ಹುಳಿ ಬರಿಸಿ ಮಾಡಿದ ಕಂದು ಬ್ರೆಡ್ಡು, ಕಾಳು ಕಾಳಾಗಿ ಹಲ್ಲಿಗೆ ಸಿಗುವ ಫೋಲ್‌ಕಾರ್ನ್, ಸೂರ್ಯಕಾಂತಿ ಬೀಜ ಮೆತ್ತಿದ್ದು. ಪಕ್ಕದಲ್ಲಿ ಗಾಜಿನ ಬಾಗಿಲಿನ ಒಂದು ಯಂತ್ರ. ಬ್ರೆಡ್ಡನ್ನು ಒಳಗಿಟ್ಟು ಗುಂಡಿ ಒತ್ತಿದರೆ, ಗರಗಸದ ಮಿಲ್ಲಿನ ಸಣ್ಣ ಮಗುವಿನಂತೆ ಸದ್ದು ಮಾಡುತ್ತ ಒಂದೇ ದಪ್ಪದ ಹೋಳುಗಳನ್ನಾಗಿ ಸೀಳಿಬಿಡುತ್ತದೆ. ಕಾಗದದ ಚೀಲವನ್ನು ಮೊದಲೇ ಬಾಯಿ ಬಿಡಿಸಿಟ್ಟುಕೊಳ್ಳಬೇಕು; ಇಲ್ಲವಾದರೆ ಹೋಳುಗಳು ಕೈಯಲ್ಲಿ, ಹಿಂದೆ ನಿಂತವರ ಕಣ್ಣು ನಮ್ಮ ಮೇಲೆ.

ಅಂತಹ ಹೋಳಿಗೆ ದಪ್ಪವಾಗಿ ಬೆಣ್ಣೆ ಬಳಿದು, ಮೇಲೆ ಮೂಲಂಗಿ ಅಥವಾ ಚೀಸ್ ಇಟ್ಟು ತಿಂದರೆ ಅದೇ ಅವರ ರಾತ್ರಿಯ ಊಟ. ವೆಸ್ಟ್‌ಫಾಲಿಯಾ ಪ್ರಾಂತದ ಪುಂಪರ್‌ನಿಕೆಲ್ ಎಂಬ ಕಪ್ಪು ಬ್ರೆಡ್ಡನ್ನು ಕನಿಷ್ಠ 16 ಗಂಟೆ ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಸಕ್ಕರೆಪಾಕವಿಲ್ಲದೆಯೇ ಅದಕ್ಕೊಂದು ಕರಿಬೆಲ್ಲದ ರುಚಿ ಬರುತ್ತದೆ. ನನ್ನ ಹೆಂಡತಿಗೆ ಅದು ಇಷ್ಟವಾಗಲೇ ಇಲ್ಲ. ರಾಗಿಮುದ್ದೆ ಒಣಗಿದ ಮೇಲೆ ಕತ್ತರಿಸಿದಂತಿದೆ ಎನ್ನುತ್ತಿದ್ದಳು. ಅದನ್ನು ಹೊಗಳಿಕೆಯೆಂದು ನಾನು ತೆಗೆದುಕೊಂಡೆ.

ಭಾಗಮಂಡಲದ ಹಿರಿಯ · ಆಗಸ್ಟ್ 13

ಬ್ರೆಡ್ಡಿನ ವಿಚಾರದಲ್ಲಿ ನಾನು ಸೋಲೊಪ್ಪಿದೆ. ಆದರೆ ಬೆಳಿಗ್ಗೆ ಎದ್ದು ಕುಡಿಯುವ ಕಾಫಿಯ ಗತಿ ಏನು? ತೋಟದ ಮನೆಯ ಹುಡುಗಿ ಅಂಗಡಿಯ ಪುಡಿ ಕುಡಿಯಬೇಕೇ?

ಕಕ್ಕಬ್ಬೆ ತೋಟದವನು · ಆಗಸ್ಟ್ 13

ಕುಡಿಯಬೇಕು, ಮತ್ತು ಬಹುಶಃ ಅದು ನಮ್ಮದೇ ಆಗಿರುತ್ತದೆ. ಭಾರತದ ಕಾಫಿಯನ್ನು ಹೆಚ್ಚಾಗಿ ಕೊಳ್ಳುವ ದೇಶಗಳಲ್ಲಿ ಇಟಲಿಯ ಜೊತೆಗೆ ಜರ್ಮನಿಯೂ ಇದೆ. ನಮ್ಮ ರೋಬಸ್ಟಾ ಅಲ್ಲಿಯ ಎಸ್ಪ್ರೆಸೋ ಮಿಶ್ರಣಗಳಲ್ಲಿ ಹೆಸರಿಲ್ಲದೆ ಕರಗಿಹೋಗಿರುತ್ತದೆ. ಹನ್ನೊಂದು ವರ್ಷ ಪೊಟ್ಟಣಗಳನ್ನು ತಿರುಗಿಸಿ ತಿರುಗಿಸಿ ನೋಡಿದರೂ ಊರಿನ ಹೆಸರು ಕಂಡದ್ದು ಬೆರಳೆಣಿಕೆಯಷ್ಟು ಸಲ. ಹುರಿದ ಕಾಫಿಯ ಮೇಲೆ ಅಲ್ಲಿ ಕಿಲೋಗೆ 2 ಯೂರೋ 19 ಸೆಂಟ್ ಪ್ರತ್ಯೇಕ ತೆರಿಗೆಯಿದೆ. ಕಣ ಗುಡಿಸಿ ಕಾಫಿ ಒಣಗಿಸುವ ನಮಗೆ ಆ ಲೆಕ್ಕ ಕೇಳಿದಾಗ ಆಗುವ ಸಂಕಟವನ್ನು ಇಲ್ಲಿ ಬರೆಯಲು ಹೋದರೆ ವಿಷಯ ತಪ್ಪುತ್ತದೆ.

ಡ್ರೆಸ್ಡೆನ್‌ಗೆ ಹೋಗುವ ಹುಡುಗಿಗೆ ಒಂದು ವಿಷಯ ಸಂತೋಷ ಕೊಡಬಹುದು. ಕಾಗದದ ಕಾಫಿ ಫಿಲ್ಟರ್ ಹುಟ್ಟಿದ್ದು ಅದೇ ಊರಿನಲ್ಲಿ. 1908ರಲ್ಲಿ ಮೆಲಿಟ್ಟಾ ಬೆಂಟ್ಸ್ ಎಂಬ ಗೃಹಿಣಿ ಮಗನ ಪುಸ್ತಕದ ಮಸಿ ಹೀರುವ ಕಾಗದವನ್ನು ತೂತು ಕೊರೆದ ಹಿತ್ತಾಳೆ ಪಾತ್ರೆಯಲ್ಲಿಟ್ಟು ಕಾಫಿ ಸೋಸಿ, ಅದಕ್ಕೆ ಹಕ್ಕನ್ನೂ ಪಡೆದಳು. ಆ ಫಿಲ್ಟರ್‌ನ ಕಾಫಿ ತೆಳುವಾಗಿರುತ್ತದೆ, ಹಾಲಿಗೆ ನಿಲ್ಲುವುದಿಲ್ಲ. ಬೆಲ್ಲದ ಕಾಫಿ ಕುಡಿಯುವವರಿಗೆ ಮಾತ್ರ ಅದು ಚೆನ್ನಾಗಿ ಒಗ್ಗುತ್ತದೆ. ಹಾಲಿನ ಕಾಫಿ ಬೇಕೆನ್ನುವವರು ಮನೆಯ ಸ್ಟೀಲ್ ಫಿಲ್ಟರನ್ನು ಒಯ್ದು, ಎಸ್ಪ್ರೆಸೋ ಎಂದಿರುವ ಬೀಜ ಕೊಂಡು, ಪುಡಿ ಮಾಡಿಸಿಕೊಳ್ಳಲಿ. ಚಿಕೋರಿಯೂ ಅಲ್ಲಿ ಸಿಗುತ್ತದೆ. ಆದರೆ ಅದನ್ನು ಬಾರ್ಲಿ ಮಾಲ್ಟ್ ಜೊತೆ ಸೇರಿಸಿ, ಕಾಫಿಯೇ ಇಲ್ಲದ ಕಾಫಿಯೆಂದು ಮಾರುವುದೇ ಹೆಚ್ಚು, ಡಬ್ಬಿ ಓದಿ ಕೊಳ್ಳಬೇಕು.

ಗಾಳಿಬೀಡಿನ ತಾಯಿ · ಆಗಸ್ಟ್ 14

ಸ್ಟೀಲ್ ಫಿಲ್ಟರ್ ಪೆಟ್ಟಿಗೆಯಲ್ಲಿ ಕುಳಿತಿತು, ಅದಕ್ಕಾಗಿ ಎರಡು ಕಿಲೋ ಅಕ್ಕಿತರಿ ಹೊರಗೆ ಬಂತು. ಇನ್ನೊಂದು ಪ್ರಶ್ನೆ. ಅವಳು ತಲುಪುವುದು ಅಕ್ಟೋಬರ್ ಹೊತ್ತಿಗೆ. ಆ ಕಾಲದಲ್ಲಿ ಅಂಗಡಿಯಲ್ಲಿ ವಿಶೇಷವಾಗಿ ಏನಿರುತ್ತದೆ? ನಮ್ಮಲ್ಲಿ ಮಳೆಗಾಲಕ್ಕೆ ಎಳೆ ಬಿದಿರಿನ ಕಣಿಲೆ, ಕುಮ್ಮು ಎನ್ನುವ ಅಣಬೆ, ಕಕ್ಕಡ ಮಾಸದ ಹದಿನೆಂಟಕ್ಕೆ ಮದ್ದುಸೊಪ್ಪು ಇರುವಂತೆ ಅಲ್ಲಿಯೂ ಕಾಲಕ್ಕೊಂದು ಪದಾರ್ಥ ಇರಬೇಕಲ್ಲವೇ?

ಶನಿವಾರಸಂತೆ ಉಪನ್ಯಾಸಕಿ · ಆಗಸ್ಟ್ 14

ಇದೆ, ಬೇಕಾದಷ್ಟು ಇದೆ. ಅಕ್ಟೋಬರ್ ಎಂದರೆ ಕುಂಬಳದ ಕಾಲ. ಹೊಕ್ಕೈಡೋ ಎಂಬ ಜಪಾನೀ ಹೆಸರಿನ, ಕೇಸರಿ ಬಣ್ಣದ, ತೆಂಗಿನಕಾಯಿ ಗಾತ್ರದ ಕುಂಬಳ ಅಂಗಡಿಯ ಬಾಗಿಲಲ್ಲೇ ರಾಶಿ ಬಿದ್ದಿರುತ್ತದೆ. ಅದರ ಸಿಪ್ಪೆ ಬೆಂದಾಗ ಮೆದುವಾಗುವುದರಿಂದ ಕೆತ್ತುವ ಕೆಲಸವಿಲ್ಲ. ನಮ್ಮ ಕುಂಬಳಕ್ಕಿಂತ ನೀರು ಕಡಿಮೆ, ಹಿಟ್ಟು ಹೆಚ್ಚು. ಸಾಸಿವೆ, ಬೆಳ್ಳುಳ್ಳಿ, ಒಣಮೆಣಸು, ಚೂರು ಬೆಲ್ಲ ಹಾಕಿ ಕುಂಬಳ ಕರಿ ಮಾಡಿದರೆ ಬಹಳ ಚೆನ್ನಾಗಿ ಬರುತ್ತದೆ. ಕಕ್ಕಬ್ಬೆಯವರು ಹೇಳಿದ ಆಲೂಗೆಡ್ಡೆ ಉಂಡೆಯ ಜೊತೆ ಅದನ್ನು ಬಡಿಸಿದರೆ ಸಸ್ಯಾಹಾರಿ ಗೆಳತಿಯೂ ಒಂದೇ ಪಂಕ್ತಿಯಲ್ಲಿ ಕೂರಬಹುದು.

ಕುಮ್ಮು ಪ್ರಿಯರಿಗೆ ಫಿಫರ್ಲಿಂಗೆ ಎಂಬ ಹಳದಿ ಕಾಡು ಅಣಬೆ ಬೇಸಿಗೆಯಿಂದ ಶರತ್ಕಾಲದವರೆಗೆ ಬರುತ್ತದೆ. ತೊಳೆದರೆ ನೀರು ಕುಡಿದು ರಬ್ಬರಾಗುತ್ತದೆ, ಬ್ರಷ್‌ನಿಂದ ಮಣ್ಣು ಉಜ್ಜಿ ತೆಗೆಯಬೇಕು. ಬೆಲೆ ಹೆಚ್ಚು, ವರ್ಷಕ್ಕೊಮ್ಮೆ ಸಾಕು.

ಕಣಿಲೆಯ ಜಾಗದಲ್ಲಿ ಅಲ್ಲಿ ಶ್ಪಾರ್ಗೆಲ್ ಇದೆ. ಮಣ್ಣಿನಡಿಯಲ್ಲೇ ಬೆಳೆಸಿ ಬಿಸಿಲು ಕಾಣುವ ಮೊದಲೇ ಕೀಳುವುದರಿಂದ ಬೆಳ್ಳಗಿರುವ ಶತಾವರಿಯ ಮೊಳಕೆ ಅದು. ಆದರೆ ಅದಕ್ಕೆ ಏಪ್ರಿಲ್ ಮಧ್ಯದವರೆಗೆ ಕಾಯಬೇಕು. ಜೂನ್ 24ಕ್ಕೆ ಕೀಳುವುದನ್ನು ನಿಲ್ಲಿಸುತ್ತಾರೆ. ಆ ಎರಡು ತಿಂಗಳು ಅವರು ಅದರ ಬಗ್ಗೆ ಮಾತನಾಡುವುದನ್ನು ಕೇಳಿದರೆ, ಕಣಿಲೆಯನ್ನು ದಿನಗಟ್ಟಲೆ ನೀರು ಬದಲಿಸಿ ನೆನೆಸುವ ನಮ್ಮವರ ಸಡಗರ ಕಡಿಮೆಯೆನ್ನಿಸುತ್ತದೆ.

ಕಕ್ಕಬ್ಬೆ ತೋಟದವನು · ಆಗಸ್ಟ್ 15

ಒಳ್ಳೆಮೆಣಸಿನ ಬಳ್ಳಿ ಇರುವವರು ತಿಳಿಯಬೇಕಾದ ತಿನಿಸೊಂದಿದೆ. ಕ್ರಿಸ್ಮಸ್‌ಗೆ ತಿನ್ನುವ ಲೇಬ್‌ಕೂಖೆನ್ ಎಂಬ ಮಸಾಲೆ ಕೇಕ್ ಸೆಪ್ಟೆಂಬರ್‌ನಲ್ಲೇ ಅಂಗಡಿಗೆ ಬಂದಿರುತ್ತದೆ. ಏಲಕ್ಕಿ, ಲವಂಗ, ಚಕ್ಕೆ, ಕೊತ್ತಂಬರಿ ಬೀಜ ಹಾಕಿದ ಈ ತಿನಿಸಿಗೆ ಸ್ಯಾಕ್ಸನಿಯ ಕಡೆ ಫೆಫರ್‌ಕೂಖೆನ್, ಅಂದರೆ ಮೆಣಸಿನ ಕೇಕ್ ಎಂದೇ ಹೆಸರು. ಒಂದು ಕಾಲದಲ್ಲಿ ಕಡಲಾಚೆಯಿಂದ ಬಂದ ಮಸಾಲೆಗಳನ್ನೆಲ್ಲ ಅವರು ಮೆಣಸೆಂದೇ ಕರೆಯುತ್ತಿದ್ದರು. ಅದರಲ್ಲಿ ನ್ಯೂರೆಂಬರ್ಗ್‌ನ ಎಲೀಸೆನ್ ಎಂದಿರುವುದನ್ನು ಕೊಳ್ಳಿ. ಅದರಲ್ಲಿ ಬಾದಾಮಿಯಂತಹ ಬೀಜಗಳು ಕನಿಷ್ಠ 25 ಶೇಕಡಾ ಇರಬೇಕು, ಹಿಟ್ಟು 10 ಶೇಕಡಾ ಮೀರಬಾರದು ಎಂಬ ನಿಯಮವಿದೆ. ಅಗ್ಗದ್ದು ಬಾಯಿಗೆ ಒಣ ಹಲಗೆ. ಡ್ರೆಸ್ಡೆನ್‌ನ ಸ್ಟೊಲ್ಲೆನ್ ಎಂಬ ದ್ರಾಕ್ಷಿ ತುಂಬಿದ ಕೇಕ್ ಪ್ರಸಿದ್ಧ, ಊರಿಗೆ ಬರುವಾಗ ಅದೊಂದು ತಂದರೆ ಸಾಕು.

ಗೋಣಿಕೊಪ್ಪ ಟು ಲೈಪ್ಜಿಗ್ · ಆಗಸ್ಟ್ 15

ತಿನಿಸಿನ ಮಾತು ಮುಗಿಯುವ ಮೊದಲು ಕೊಳ್ಳುವ ಕ್ರಮದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಬೆಲೆಯ ಚೀಟಿಯಲ್ಲಿ ದೊಡ್ಡ ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಕಿಲೋ ಅಥವಾ ಲೀಟರ್‌ನ ಬೆಲೆ ಬರೆದಿರುತ್ತಾರೆ. ಅದನ್ನು ಹೋಲಿಸಿ ಕೊಳ್ಳಿ, ದೊಡ್ಡ ಪೊಟ್ಟಣವೇ ಅಗ್ಗವೆಂದು ತಿಳಿಯಬೇಡಿ. ನೀರಿನ ಬಾಟಲಿಗಳಲ್ಲಿ ಹೆಚ್ಚಿನವು ಗ್ಯಾಸ್ ತುಂಬಿದ ಸೋಡಾ ನೀರು. ಸಾದಾ ನೀರು ಬೇಕಿದ್ದರೆ ಶ್ಟಿಲ್ ಎಂಬ ಪದ ನೋಡಬೇಕು, ಆದರೆ ನಲ್ಲಿಯ ನೀರು ಕುಡಿಯಲು ಯೋಗ್ಯವಾಗಿರುವುದರಿಂದ ಕೊಳ್ಳುವ ಅಗತ್ಯವೇ ಇಲ್ಲ. ನಾನು ಮೊದಲ ದಿನ ಸೋಡಾ ನೀರಿನಲ್ಲಿ ಅನ್ನ ಮಾಡಿದ್ದನ್ನು ರೂಮಿನವರು ಇನ್ನೂ ಮರೆತಿಲ್ಲ.

ಒಮ್ಮೆ ಮಾತ್ರ ಬಳಸುವ ಪ್ಲಾಸ್ಟಿಕ್ ಬಾಟಲಿ ಮತ್ತು ಪಾನೀಯದ ತಗಡಿನ ಡಬ್ಬಿಗಳಿಗೆ ತಲಾ 25 ಸೆಂಟ್ ಠೇವಣಿ ಹಿಡಿಯುತ್ತಾರೆ, ಅದಕ್ಕೆ ಫಾಂಡ್ ಎನ್ನುತ್ತಾರೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಬಿಲ್ ಕೊಡುವಾಗ ತೋರಿಸಬೇಕು. ಆದ್ದರಿಂದ ಬಾಟಲಿಯನ್ನು ಜಜ್ಜಿ ಎಸೆಯಬೇಡಿ.

ಮೊಟ್ಟೆಗಳಲ್ಲಿ ಕೆಂಪು, ನೀಲಿ, ಹಸಿರು ಬಣ್ಣ ಬಳಿದವು ಕಂಡರೆ ಅವು ಬೇಯಿಸಿದವು. ಆಮ್ಲೆಟ್‌ಗೆಂದು ಕೊಂಡು ಒಡೆಯಲು ಹೋಗಬೇಡಿ. ಉಳಿದ ಮೊಟ್ಟೆಗಳ ಮೇಲಿನ ಮೊದಲ ಅಂಕಿ ಕೋಳಿ ಸಾಕಿದ ಕ್ರಮವನ್ನು ಹೇಳುತ್ತದೆ: 0 ಸಾವಯವ, 1 ಹೊರಗೆ ಓಡಾಡುವ ಕೋಳಿ, 2 ಕೊಟ್ಟಿಗೆಯೊಳಗಿನದು, 3 ಪಂಜರದ್ದು.

ಗಾಳಿಬೀಡಿನ ತಾಯಿ · ಅಕ್ಟೋಬರ್ 12

ಎಲ್ಲರಿಗೂ ನಮಸ್ಕಾರ. ಮಗಳು ಕ್ಷೇಮವಾಗಿ ತಲುಪಿದ್ದಾಳೆ. ಕಾಚಂಪುಳಿಯ ಸೀಸೆಯೂ ಒಡೆಯದೆ ತಲುಪಿತು. ಅಕ್ಟೋಬರ್ 3ರ ರಜೆಯನ್ನು ನೆನಪಿಟ್ಟುಕೊಂಡು ಹಿಂದಿನ ದಿನವೇ ಕುಂಬಳ ಮತ್ತು ಹಿಟ್ಟಿನ ಪೊಟ್ಟಣ ತಂದಿದ್ದಳಂತೆ. ಕುಂಬಳ ಕರಿ ಚೆನ್ನಾಗಿ ಬಂತು. ಉಂಡೆಗಳು ಮಾತ್ರ ನೀರಿಗೆ ಬಿದ್ದ ಐದು ನಿಮಿಷಕ್ಕೆ ಕರಗಿ ಗಂಜಿಯಾದವು. ಆ ಗಂಜಿಯ ಮೇಲೆಯೇ ಕರಿ ಸುರಿದುಕೊಂಡು ಇಬ್ಬರೂ ತಿಂದಿದ್ದಾರೆ. ಎಲ್ಲಿ ತಪ್ಪಿತು?

ಕಕ್ಕಬ್ಬೆ ತೋಟದವನು · ಅಕ್ಟೋಬರ್ 12

ನೀರು ಕೊತಕೊತನೆ ಕುದಿಯುತ್ತಿತ್ತೆಂದು ಕಾಣುತ್ತದೆ. ಕುದಿ ಬಂದ ಮೇಲೆ ಉರಿ ತಗ್ಗಿಸಿ, ನೀರು ಅಲುಗಾಡಿಯೂ ಅಲುಗಾಡದಂತಿರುವಾಗ ಉಂಡೆ ಇಳಿಬಿಡಬೇಕು, ಮುಚ್ಚಳ ಹಾಕಬಾರದು. ಮೊದಲು ಒಂದೇ ಒಂದು ಸಣ್ಣ ಉಂಡೆ ಬಿಟ್ಟು ನೋಡಲಿ. ಅದು ಬಿಚ್ಚಿಕೊಂಡರೆ ಉಳಿದ ಹಿಟ್ಟಿಗೆ ಒಂದು ಚಮಚ ಆಲೂಗೆಡ್ಡೆ ಪಿಷ್ಟ ಕಲಸಲಿ. ನಮ್ಮ ಅಮ್ಮ ಹಬೆಯಲ್ಲಿ ಇಟ್ಟು ನೋಡೆಂದು ಹೇಳಿದ್ದರು, ಅದೂ ಸರಿಯಾಗಿಯೇ ಬಂತೆಂದು ಸೇರಿಸುತ್ತೇನೆ.

ಗಾಳಿಬೀಡಿನ ತಾಯಿ · ನವೆಂಬರ್ 1

ಉಂಡೆ ಈಗ ನಿಲ್ಲುತ್ತಿದೆ, ಫೋಟೋ ಕಳುಹಿಸಿದ್ದಾಳೆ, ಅಜ್ಜಿ ಅದನ್ನು ಕಡಂಬುಟ್ಟೆಂದೇ ತಿಳಿದಿದ್ದಾರೆ. ಆದರೆ ನಿನ್ನೆಯ ರಜೆಯನ್ನು ಅವಳು ಮರೆತಿದ್ದಳು. ಸಂಜೆ ಚೀಲ ಹಿಡಿದು ಹೋದರೆ ಅಂಗಡಿಯ ಬಾಗಿಲು ಹಾಕಿತ್ತಂತೆ. ಮನೆಯಲ್ಲಿದ್ದುದು ನಾಲ್ಕು ಆಲೂಗೆಡ್ಡೆ, ಅರ್ಧ ಡಬ್ಬಿ ಕ್ವಾರ್ಕ್, ಫ್ರಿಜ್‌ನ ಬಾಗಿಲಲ್ಲಿ ಅಗಸೆ ಎಣ್ಣೆಯ ಸಣ್ಣ ಸೀಸೆ. ಗೆಳತಿಯರಿಬ್ಬರೂ ಅದನ್ನೇ ಉಂಡು ಮಲಗಿದ್ದಾರೆ. ಶನಿವಾರಸಂತೆಯ ಅಕ್ಕನಿಗೆ ಹೇಳಬೇಕೆಂದಳು, ಎಣ್ಣೆ ಇನ್ನೂ ಕಹಿಯಾಗಿಲ್ಲವಂತೆ.